ವಿಷ ಕುಡಿದ ಗದ್ದೆಗೆ ಹೊಸ ಮಣ್ಣು

ಗದ್ದೆಯಲ್ಲಿ ಕಳೆ ಹುಟ್ಟಿದರೆ ಕಿತ್ತು ಬಿಸಾಡುತ್ತೀರಿ. ಚೌಳಾದರೆ ನೀರು ಕಟ್ಟಿ ತೊಳೆಯುತ್ತೀರಿ. ಮಣ್ಣಿಗೇ ವಿಷ ಸೇರಿದರೆ? ಜಪಾನ್ ದೇಶದ ತೊಯಾಮ ಸೀಮೆಯ ರೈತರಿಗೆ ಈ ಕಷ್ಟ ಬಂದಿತ್ತು. ಅವರ ಕಥೆ ಕೇಳಿ.

ಅಲ್ಲಿ ಜಿನ್‌ಜು ಎಂಬ ಹೊಳೆ. ಮೇಲಿನ ಬೆಟ್ಟದಲ್ಲಿ ಮಿತ್ಸುಯಿ ಕಂಪನಿಯ ಕಮಿಯೋಕ ಗಣಿ. ಸತುವಿನ ಅದಿರಿನ ಜೊತೆಗೆ ಕ್ಯಾಡ್ಮಿಯಂ ಎಂಬ ಲೋಹವೂ ಬರುತ್ತದೆ. ಅದಿರು ತೊಳೆದ ಗಸಿ ಹೊಳೆಗೆ, ಹೊಳೆಯಿಂದ ಕಾಲುವೆಗೆ, ಕಾಲುವೆಯಿಂದ ಭತ್ತದ ಗದ್ದೆಗೆ ಇಳಿಯಿತು. ಗದ್ದೆಗೆ ನೀರು ಬೀಳುವ ಬಾಯಿಯಲ್ಲೇ ವಿಷ ಹೆಚ್ಚಾಗಿ ನಿಂತಿತು. ಜನ ಆ ಅಕ್ಕಿಯನ್ನೇ ಉಂಡರು, ಆ ನೀರನ್ನೇ ಕುಡಿದರು. ನಡುವಯಸ್ಸು ದಾಟಿದ, ಹಲವು ಮಕ್ಕಳನ್ನು ಹೆತ್ತ ತಾಯಂದಿರಿಗೆ ಮೂಳೆ ಮೆತ್ತಗಾಗಿ, ಕೆಮ್ಮಿದರೂ ಮುರಿಯುವ ಹಾಗಾಯಿತು. ‘ಇತಾಯಿ, ಇತಾಯಿ’ ಅಂದರೆ ‘ಅಯ್ಯೋ ನೋವು, ನೋವು’ ಎಂದು. ಆ ನರಳಾಟವೇ ಕಾಯಿಲೆಗೆ ಹೆಸರಾಯಿತು. 1961ರಲ್ಲಿ ಊರಿನ ವೈದ್ಯ ಹಗಿನೊ ನೊಬೊರು, ಬೇಸಾಯ ಶಾಸ್ತ್ರಜ್ಞ ಯೊಶಿಯೊಕ ಕಿನ್‌ಇಚಿ ಇಬ್ಬರೂ ಇದಕ್ಕೆ ಕ್ಯಾಡ್ಮಿಯಂ ಕಾರಣವೆಂದರು. ಸರ್ಕಾರ ಒಪ್ಪಿದ್ದು 1968ರಲ್ಲಿ. 1971ರಲ್ಲೂ ಮೇಲ್ಮನವಿಯ ಮೇಲೆ 1972ರಲ್ಲೂ ನ್ಯಾಯಾಲಯ ಕಾಯಿಲೆಯವರ ಪರವಾಗಿ ತೀರ್ಪು ಕೊಟ್ಟಿತು.

ತೀರ್ಪು ಬಂತು, ಸರಿ. ಗದ್ದೆಯ ಗತಿ? ಲೋಹ ಸಗಣಿಯಂತೆ ಕೊಳೆತು ಹೋಗುವುದಿಲ್ಲ. ಕೆಟ್ಟ ಮಣ್ಣನ್ನು ಗಾಡಿಗೆ ತುಂಬಿ ಹೊರಗೆ ಸಾಗಿಸೋಣವೆಂದರೆ, ಸಾವಿರಾರು ಎಕರೆಯ ಮಣ್ಣನ್ನು ಯಾರ ಊರಿಗೆ ಸುರಿಯುವುದು? ನಾವು ಕೆರೆಗೋಡು ಹೊಡೆಯುವ ಹಾಗೆ ಮೇಲೆ ಒಳ್ಳೆ ಮಣ್ಣು ಹರಡಬಹುದು. ಆದರೆ ಗದ್ದೆ ಎತ್ತರವಾಗಿ ಕಾಲುವೆಯ ನೀರು ಹತ್ತದೆ ಹೋದೀತು. ಪದರ ತೆಳ್ಳಗಾದರೆ ಬೇರು ಕೆಳಗಿಳಿದು ಮತ್ತೆ ವಿಷ ಹೀರೀತು. ಆದ್ದರಿಂದ ಅನೇಕ ಕಡೆ ಕೆಟ್ಟ ಮಣ್ಣನ್ನು ಅಲ್ಲೇ ಆಳಕ್ಕೆ ಹೂಳಿ, ಮೇಲೆ ಜಲ್ಲಿಕಲ್ಲಿನ ಪದರವನ್ನು ಗಟ್ಟಿಯಾಗಿ ತುಳಿಸಿ, ಅದರ ಮೇಲೆ ಹೊರಗಿನ ಶುದ್ಧ ಮಣ್ಣು ಹಾಕಿದರು. ಹೊಸ ಮಣ್ಣಿಗೆ ಸಾರ ಸಾಲದು, ಗೊಬ್ಬರ ಕೊಟ್ಟು ಹದ ಮಾಡಬೇಕಾಯಿತು. 1979ರಲ್ಲಿ ಹಿಡಿದ ಕೆಲಸ 2012ಕ್ಕೆ ಮುಗಿಯಿತು: 863 ಹೆಕ್ಟೇರ್, ಸುಮಾರು 4,070 ಕೋಟಿ ಯೆನ್ ಖರ್ಚು. ತಂದೆ ಬಿಟ್ಟ ಗದ್ದೆಗೆ ಮಗ ಇಳಿದ ಅನ್ನಿ.

ಆಮೇಲೆ ಜಪಾನಿನಲ್ಲೇ ಅಗ್ಗದ ದಾರಿಗಳನ್ನೂ ಹುಡುಕಿದರು. ಕ್ಯಾಡ್ಮಿಯಂ ಹೆಚ್ಚು ಹೀರುವ ಭತ್ತದ ತಳಿಯನ್ನು ಕೆಲವು ವರ್ಷ ಬೆಳೆದು ಪೈರನ್ನು ಕೊಯ್ದು ಸುಡುವುದು ಒಂದು. ಖರ್ಚು ಕಡಿಮೆ, ಕಾಲ ಹೆಚ್ಚು. ಆ ಹುಲ್ಲನ್ನು ದನಕ್ಕೆ ಹಾಕುವಂತಿಲ್ಲ. ಕಬ್ಬಿಣದ ಲವಣದ ನೀರಿನಲ್ಲಿ ಮಣ್ಣು ತೊಳೆಯುವುದು ಇನ್ನೊಂದು. ತೊಳೆದ ನೀರನ್ನೂ ಶುದ್ಧ ಮಾಡಬೇಕು. ತೆನೆ ಹೊರಡುವ ಹಿಂದುಮುಂದಿನ ವಾರಗಳಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಅಕ್ಕಿಗೆ ಕ್ಯಾಡ್ಮಿಯಂ ಕಡಿಮೆ ಏರುತ್ತದೆ, ನಿಜ. ಮಣ್ಣಿನ ವಿಷ ಮಾತ್ರ ಹಾಗೇ ಇರುತ್ತದೆ, ಮೇಲಾಗಿ ಅಕ್ಕಿಗೆ ಸಂಖ್ಯಪಾಷಾಣ, ಅಂದರೆ ಆರ್ಸೆನಿಕ್, ಹೆಚ್ಚುವ ಭಯ.

ನಮಗೆ ದೊಡ್ಡದಾಗಿ ಕಾಣುವುದು ಮಣ್ಣು ಹಾಕಿದ್ದಕ್ಕಿಂತ ಮೊದಲು ಆ ರೈತರು ಮಾಡಿದ ಕೆಲಸ. ಮೇಲಿಂದ ವಿಷ ಹರಿಯುತ್ತಲೇ ಇದ್ದರೆ ಹೊಸ ಮಣ್ಣೂ ಕೆಡುವುದಷ್ಟೆ! 1972ರಲ್ಲಿ ಕಂಪನಿಯಿಂದ ಕರಾರು ಬರೆಸಿಕೊಂಡರು: ಊರವರು ತಮ್ಮ ತಜ್ಞರೊಡನೆ ಯಾವಾಗ ಬೇಕಾದರೂ ಗಣಿಯೊಳಗೆ ಹೋಗಿ ನೋಡಬಹುದು, ಖರ್ಚು ಕಂಪನಿಯದು. ವರ್ಷ ವರ್ಷ ಹೋಗಿ, ಕೊಳವೆ ಕೊಳವೆ ಹುಡುಕಿ, ಸೋರುವ ಕಡೆಯೆಲ್ಲ ಕಟ್ಟಿಸಿದರು. ಹೊಳೆಯ ನೀರಿನಲ್ಲಿ ಕ್ಯಾಡ್ಮಿಯಂ ಸಹಜ ಮಟ್ಟಕ್ಕೆ ಇಳಿಯಿತು. ಗಣಿ ತೋಡುವುದು 2001ರಲ್ಲಿ ನಿಂತರೂ ಹಳೆಯ ಗಸಿಯ ರಾಶಿ ಬೆಟ್ಟದಲ್ಲಿ ಇದ್ದೇ ಇದೆ. ಊರವರು ನೋಡಲು ಹೋಗುವುದನ್ನು ಬಿಟ್ಟಿಲ್ಲ.