ಮೂರು ಕೀಲಿ, ಎರಡು ಕೈ

ಪುಣೆಯ ನಮ್ಮ ಬಾಡಿಗೆ ಮನೆಯಲ್ಲಿ ವಿಂಡೋಸ್ 98 ಹಾಕಿದ್ದ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಇತ್ತು. ಒಂದು ಭಾನುವಾರ ಮಧ್ಯಾಹ್ನ ಅಮ್ಮ ಧಾರವಾಡದ ತನ್ನ ಬಾಲ್ಯದ ಕತೆ ಹೇಳುತ್ತ ಕೂತಿದ್ದಳು, ನಾನು ಟೈಪ್ ಮಾಡುತ್ತಿದ್ದೆ. ನಾಲ್ಕನೇ ಪುಟದ ಹೊತ್ತಿಗೆ ಪರದೆ ಕಲ್ಲಾಯಿತು. ಮರಳುಗಡಿಯಾರ ಬಂದು ಕೂತದ್ದು ಏಳಲೇ ಇಲ್ಲ. ಎರಡು ನಿಮಿಷ ಕಾದೆನೋ ಇಲ್ಲವೋ, ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒತ್ತಿ ‘ಎಂಡ್ ಟಾಸ್ಕ್’ ಮಾಡಿಬಿಟ್ಟೆ. ಫೈಲ್ ಸೇವ್ ಮಾಡಿರಲಿಲ್ಲ. “ಒಂದೀಟು ತಡೀಬೇಕಿತ್ತು ನೀ,” ಅಂದಳು ಅಮ್ಮ.

ತಡೆದಿದ್ದರೆ ಅದು ಮತ್ತೆ ಉಸಿರಾಡುತ್ತಿತ್ತೇ? ಈ ಪ್ರಶ್ನೆಗೆ ನಲವತ್ತು ವರ್ಷ ದಾಟಿದ ಇತಿಹಾಸವಿದೆ.

ಆ ಮೂರು ಕೀಲಿಗಳು ನಮಗಾಗಿ ಹುಟ್ಟಿದವಲ್ಲ. ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಐಬಿಎಂ ಕಂಪನಿಯ ಸಣ್ಣ ತಂಡವೊಂದು ಮೊದಲ ‘ಪಿಸಿ’ ಕಟ್ಟುತ್ತಿತ್ತು. ಅದು 1981ರ ಆಗಸ್ಟ್ 12ರಂದು ಹೊರಬಂತು. ಕಟ್ಟುವ ದಿನಗಳಲ್ಲಿ ಯಂತ್ರ ಪದೇ ಪದೇ ನಿಂತುಹೋಗುತ್ತಿತ್ತು. ಸ್ವಿಚ್ ಆರಿಸಿ ಹಾಕಿದರೆ ಪ್ರತಿ ಸಲವೂ ಅದು ತನ್ನ ಮೆಮೊರಿಯನ್ನೆಲ್ಲ ಮೊದಲಿನಿಂದ ಪರೀಕ್ಷಿಸಿಕೊಳ್ಳುವವರೆಗೆ ಎಂಜಿನಿಯರುಗಳು ಕೈಕಟ್ಟಿ ಕೂರಬೇಕು. ಆ ಪರೀಕ್ಷೆ ತಪ್ಪಿಸಿ ಯಂತ್ರವನ್ನು ಮತ್ತೆ ಎಬ್ಬಿಸುವ ಒಳದಾರಿಯೊಂದನ್ನು ಡೇವಿಡ್ ಬ್ರಾಡ್ಲಿ ಬರೆದರು. ಮೊದಲು ಅವರು ಆರಿಸಿದ್ದು ಕಂಟ್ರೋಲ್, ಆಲ್ಟ್, ಎಸ್ಕೇಪ್. ಮೂರೂ ಎಡಗಡೆಯ ಕೀಲಿಗಳು, ಕೈ ತಗುಲಿದರೆ ಕೆಲಸವೆಲ್ಲ ಮಾಯ. ಹಾಗಾಗಿ ಎಸ್ಕೇಪ್ ಹೋಗಿ, ಕೀಲಿಮಣೆಯ ಬಲತುದಿಯ ಡಿಲೀಟ್ ಬಂತು. ಆ ಕಾಲದ ಕೀಲಿಮಣೆಯಲ್ಲಿ ಕಂಟ್ರೋಲ್, ಆಲ್ಟ್ ಎಡಕ್ಕೆ ಮಾತ್ರ ಇದ್ದವು. ಇದಕ್ಕೆ ಎರಡೂ ಕೈ ಬೇಕೇ ಬೇಕು. ಬೇಕೆಂದೇ ಕಷ್ಟ ಮಾಡಿದ ಕೆಲಸ ಅದು. ಒಳಮನೆಯ ಈ ಗುಟ್ಟು ಆಮೇಲೆ ಬೀದಿಗೆ ಬಂತು. ಪಿಸಿಗೆ 20 ವರ್ಷ ತುಂಬಿದ ಸಮಾರಂಭದಲ್ಲಿ ಬಿಲ್ ಗೇಟ್ಸ್ ಪಕ್ಕದಲ್ಲಿ ಕೂತು ಬ್ರಾಡ್ಲಿ, ಕಂಡುಹಿಡಿದದ್ದು ನಾನಿರಬಹುದು, ಹೆಸರು ತಂದುಕೊಟ್ಟದ್ದು ಇವರು ಎಂದು ಚುಚ್ಚಿದರು.

ಚುಚ್ಚಿದ್ದರಲ್ಲಿ ನಿಜವಿತ್ತು. ಹಳೆಯ ವಿಂಡೋಸ್‌ನಲ್ಲಿ ಪ್ರೋಗ್ರಾಮುಗಳು ಸೌಜನ್ಯದ ಮೇಲೆ ನಡೆಯುತ್ತಿದ್ದವು. ಪುಣೆಯ ಹಳೇ ವಾಡೆಗಳ ಸಾಮಾಯಿಕ ನಲ್ಲಿಯನ್ನು ನೆನಪಿಸಿಕೊಳ್ಳಿ: ತನ್ನ ಕೊಡ ತುಂಬಿದ ಮೇಲೆ ಪಕ್ಕಕ್ಕೆ ಸರಿಯುವುದು ಆಯಾ ಮನೆಯವರ ಮರ್ಯಾದೆಗೆ ಬಿಟ್ಟದ್ದು. ಒಬ್ಬರು ಸರಿಯದಿದ್ದರೆ ಇಡೀ ವಾಡೆಗೆ ನೀರಿಲ್ಲ. 1990ರ ವಿಂಡೋಸ್ 3.0ದಲ್ಲಿ ಆ ಮೂರು ಕೀಲಿ ಒತ್ತಿದರೆ ಯಂತ್ರವೇ ಮರುಹುಟ್ಟು ಪಡೆಯುತ್ತಿತ್ತು. 1992ರ 3.1ರಲ್ಲಿ ನೀಲಿ ಪರದೆ ಬಂದು, ಅಡ್ಡಬಿದ್ದ ಒಂದನ್ನಷ್ಟೇ ಮುಚ್ಚಲೇ ಎಂದು ಕೇಳತೊಡಗಿತು. ಆ ಪರದೆಯ ಮಾತುಗಳನ್ನು ಬರೆದವರು ಸ್ಟೀವ್ ಬಾಲ್ಮರ್ ಅಂತೆ. ಮುಂದೆ ಕಂಪನಿಯ ಮುಖ್ಯಸ್ಥರಾದ ಅದೇ ಬಾಲ್ಮರ್. 1995ರಲ್ಲಿ ನಲ್ಲಿಗೆ ಕಾವಲುಗಾರ ಬಂದ. ಹೊಸ ಪ್ರೋಗ್ರಾಮುಗಳ ಸರದಿಯನ್ನು ಅವನೇ ಕಸಿದು ಕೊಡುತ್ತಿದ್ದ. ಹಳೆಯವು ಮಾತ್ರ ಹಳೇ ಚಾಳಿ ಬಿಡಲಿಲ್ಲ. ಮರುವರ್ಷ ಎನ್‌ಟಿ 4.0 ಜತೆಗೆ ಟಾಸ್ಕ್ ಮ್ಯಾನೇಜರ್ ಬಂತು. ಡೇವ್ ಪ್ಲಮರ್ ಎಂಬ ಎಂಜಿನಿಯರ್ ಮನೆಯಲ್ಲಿ ಕೂತು ಬರೆಯಲು ಶುರುಮಾಡಿದ್ದು ಅದು.

‘ನಾಟ್ ರೆಸ್ಪಾಂಡಿಂಗ್’ ಅನ್ನುವ ತೀರ್ಪು ಹೇಗೆ ಬರುತ್ತದೆ ಗೊತ್ತೆ? ಕಿಟಕಿಗೆ ಬಂದ ಸಂದೇಶಗಳನ್ನು ಪ್ರೋಗ್ರಾಮು ಸುಮಾರು 5 ಸೆಕೆಂಡು ಎತ್ತಿಕೊಳ್ಳದಿದ್ದರೆ ವಿಂಡೋಸ್ ಆ ಪಟ್ಟಿ ಕಟ್ಟುತ್ತದೆ. ಅಷ್ಟೇ. ಸತ್ತಿದೆ ಎಂದು ಅದಕ್ಕೂ ಗೊತ್ತಿಲ್ಲ. ಒಳಗೆ ದೊಡ್ಡ ಲೆಕ್ಕ ನಡೆದಿರಬಹುದು, ಡಿಸ್ಕ್ ಉತ್ತರಕ್ಕೆ ಕಾದಿರಬಹುದು. ಒಂದು ಪ್ರೋಗ್ರಾಮು ಎಂದಾದರೂ ಮುಗಿಯುತ್ತದೆಯೇ ಇಲ್ಲವೇ ಎಂದು ಎಲ್ಲ ಸಂದರ್ಭಕ್ಕೂ ಹೇಳಬಲ್ಲ ವಿಧಾನ ಇರಲು ಸಾಧ್ಯವಿಲ್ಲವೆಂಬುದಕ್ಕೆ ಅಲನ್ ಟ್ಯೂರಿಂಗ್ 1936ರಲ್ಲೇ ತಳಹದಿ ಹಾಕಿದ್ದರು. ಮೊದಲ ಪಿಸಿಗಿಂತ 45 ವರ್ಷ ಹಿಂದೆ!

ಹಾಗಾಗಿ ಕೊಲ್ಲುವುದರಲ್ಲೂ ಎರಡು ಬಗೆ. ಯುನಿಕ್ಸ್‌ನಲ್ಲಿ 15ನೇ ಸಂಕೇತ ಕಳಿಸಿದರೆ ‘ಎದ್ದು ಹೊರಡಪ್ಪ’ ಎಂದ ಹಾಗೆ. ಸಾಮಾನು ಕಟ್ಟಿಕೊಳ್ಳಲು ಅವಕಾಶ ಉಂಟು. 9ನೆಯದು ಮಾತುಕತೆಯಿಲ್ಲದೆ ಕತ್ತು ಹಿಡಿದು ಹೊರಹಾಕುವುದು. ವಿಂಡೋಸ್‌ನ ‘ಎಂಡ್ ಟಾಸ್ಕ್’ ಕೂಡ ಆಗ ಮೊದಲು ಮರ್ಯಾದೆಯಿಂದ ಕೇಳಿ, ಉತ್ತರ ಬಾರದಿದ್ದರೆ ‘ಬಲವಂತ ಮಾಡಲೇ?’ ಎಂದು ನಮ್ಮನ್ನೇ ಕೇಳುತ್ತಿತ್ತು. ಹೌದು ಅಂದವನು ನಾನೇ.

ಅಮ್ಮ ಮುಂದಿನ ಭಾನುವಾರ ಮತ್ತೆ ಹೇಳಿದಳು. ಮೊದಲ ಸಲ ಬಂದಿದ್ದ ಸೋದರತ್ತೆಯ ಮದುವೆ ಈ ಸಲ ಬರಲಿಲ್ಲ. ಬದಲಿಗೆ ಹಿತ್ತಲ ಬಾವಿಯ ಕತೆ ಬಂತು. ಪುಟಕ್ಕೊಂದು ಸಲ ಕಂಟ್ರೋಲ್ ಎಸ್ ಒತ್ತುತ್ತಿದ್ದೆ.