ಕಾಸ್‌ಪ್ಲೇ ಉಡುಪು ಮತ್ತು ಹೊಲಿಗೆ ಬಲ್ಲ ಕೈಗಳು

ಕಥೆಯ ಪಾತ್ರವೊಂದರ ಉಡುಪು, ಕೇಶವಿನ್ಯಾಸ ಮತ್ತು ಆಯುಧಗಳನ್ನು ಯಥಾವತ್ತಾಗಿ ರೂಪಿಸಿ ಧರಿಸುವ ಹವ್ಯಾಸಕ್ಕೆ ‘ಕಾಸ್‌ಪ್ಲೇ’ ಎಂಬ ಹೆಸರು 1983ರಲ್ಲಿ ಜಪಾನಿನ ‘ಮೈ ಅನಿಮೆ’ ಪತ್ರಿಕೆಯಲ್ಲಿ ನೊಬುಯುಕಿ ತಕಹಾಶಿ ಅವರ ಬರಹದಿಂದ ಬಂದಿತಾದರೂ, ಉಡುಪು ತಯಾರಿಯ ಕೆಲಸ ಆ ಹೆಸರಿಗಿಂತ ಹಳೆಯದು. 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್‌ಮನ್ ಭವಿಷ್ಯಲೋಕದ ವೇಷದಲ್ಲಿ ಬಂದರೆಂದು ಈ ವಿಷಯದ ಬರಹಗಳು ತಪ್ಪದೆ ಹೇಳುತ್ತವೆ. ಆದರೆ ಅವರ ಉಡುಪನ್ನೂ ತಮ್ಮ ಉಡುಪನ್ನೂ ವಿನ್ಯಾಸಗೊಳಿಸಿ ಹೊಲಿದವರು ಜೊತೆಯಲ್ಲಿದ್ದ ಮರ್ಟಲ್ ಡಗ್ಲಸ್. ಧರಿಸಿದವರನ್ನು ನೆನೆದಷ್ಟು ಹೊಲಿದವರನ್ನು ನೆನೆಯದಿರುವುದು ಈ ಚರಿತ್ರೆಯ ದೊಡ್ಡ ಕೊರತೆ.

ಜಪಾನಿನಲ್ಲಿ ಈ ಹವ್ಯಾಸ ಬೇರೂರಿದ್ದು ಹವ್ಯಾಸಿ ಚಿತ್ರಕಥೆಗಾರರ ಮಾರಾಟಮೇಳವಾದ ‘ಕಾಮಿಕೆಟ್’ನಲ್ಲಿ. 1975ರ ಡಿಸೆಂಬರ್ 21ರಂದು ಟೋಕಿಯೊದಲ್ಲಿ ಆರಂಭವಾದ ಈ ಮೇಳದ ಮೊದಲ ಸಂದರ್ಶಕರಲ್ಲಿ ಬಹುಪಾಲು ಶಾಲಾ ಬಾಲಕಿಯರೇ ಇದ್ದರು. ಆ ಕಾಲದ ಜಪಾನಿನ ಪ್ರೌಢಶಾಲೆಗಳಲ್ಲಿ ಗೃಹವಿಜ್ಞಾನವು 1973ರಿಂದ 1994ರವರೆಗೆ ಹುಡುಗಿಯರಿಗಷ್ಟೇ ಕಡ್ಡಾಯವಾಗಿತ್ತು ಮತ್ತು ಹೊಲಿಗೆ ಅದರ ಮುಖ್ಯ ಅಂಗವಾಗಿತ್ತು ಎಂಬುದನ್ನು ಇದರೊಂದಿಗೆ ಜೋಡಿಸಿ ಓದಬೇಕು. ಮನೆಗಳಲ್ಲಿ ಹೊಲಿಗೆ ಯಂತ್ರವಿತ್ತು, 1936ರಲ್ಲಿ ಆರಂಭವಾದ ‘ಸೋಎನ್’ನಂಥ ಪತ್ರಿಕೆಗಳು ಉಡುಪಿನ ನಕ್ಷೆಗಳನ್ನು ಮನೆಮನೆಗೆ ತಲುಪಿಸಿದ್ದವು, ಟೋಕಿಯೊದ ಬುಂಕಾ ಹೊಲಿಗೆ ಶಾಲೆಯು ಎದೆಯ ಸುತ್ತಳತೆಯಿಂದ ಲೆಕ್ಕ ಹಾಕಿ ಬರೆಯುವ ‘ಗೆಂಕೆಯ್’ ಎಂಬ ಮೂಲ ನಕ್ಷೆಯನ್ನು ರೂಢಿಗೆ ತಂದಿತ್ತು. ಗೃಹಿಣಿಯಾಗಲೆಂದು ಕಲಿಸಿದ ವಿದ್ಯೆಯನ್ನು ಆ ಹುಡುಗಿಯರು ತಮ್ಮ ಸ್ವಂತ ಸಂತೋಷಕ್ಕೆ ಬಳಸಿಕೊಂಡರು. 1981ರಲ್ಲಿ ಕಿರುತೆರೆಗೆ ಬಂದ ‘ಉರುಸೇಯ್ ಯತ್ಸುರ’ದ ಲಮ್ ಪಾತ್ರದ ಹುಲಿಪಟ್ಟೆಯ ಉಡುಪು ಆ ದಶಕದ ಮೇಳಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು.

ಅನಿಮೆ, ಅಂದರೆ ಜಪಾನಿನ ಸಚಲ ಚಿತ್ರಕಥೆ, ಹೊಲಿಯುವವರ ಮುಂದೆ ಒಡ್ಡುವ ಸವಾಲು ವಿಶಿಷ್ಟವಾದುದು. ಚಿತ್ರದ ಬಟ್ಟೆಗೆ ನೇಯ್ಗೆಯಿಲ್ಲ, ತೂಕವಿಲ್ಲ, ಎಷ್ಟೋ ಬಾರಿ ಹೊಲಿಗೆಯ ಗೆರೆಯೂ ಇಲ್ಲ. ಮುಂದಿನಿಂದ ಒಂದು ಬಗೆಯಾಗಿ ಕಾಣುವ ಕೂದಲು ಪಕ್ಕದಿಂದ ಬೇರೆಯೇ ಆಗಿರುತ್ತದೆ. ಹೀಗಾಗಿ ಯಾವ ಬಟ್ಟೆ, ಎಲ್ಲಿ ಅಸ್ತರು, ಎಲ್ಲಿ ನೆರಿಗೆ ಎಂಬುದನ್ನೆಲ್ಲ ತಯಾರಕರೇ ನಿರ್ಧರಿಸಬೇಕಾಗುತ್ತದೆ.

ಕವಚದ ತಯಾರಿ ಇನ್ನೂ ಸೂಕ್ಷ್ಮವಾದುದು. ಮೊದಲು ದೇಹದ ಭಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಮೇಲೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆಯೇ ಕವಚದ ಗೆರೆಗಳನ್ನು ಬರೆದು, ಗೆರೆಯುದ್ದಕ್ಕೂ ಕತ್ತರಿಸಿ ತೆಗೆದರೆ ಉಬ್ಬುತಗ್ಗುಗಳ ಅಳತೆ ಚಪ್ಪಟೆಯಾದ ನಕ್ಷೆಯಾಗಿ ಸಿಗುತ್ತದೆ. ಚಪ್ಪಲಿಯ ಅಟ್ಟೆಗೂ ವ್ಯಾಯಾಮದ ಚಾಪೆಗೂ ಬಳಸುವ ಇವಿಎ ಫೋಮ್ ಎಂಬ ಹಗುರ ಹಾಳೆಯ ಮೇಲೆ ಆ ನಕ್ಷೆಯನ್ನಿಟ್ಟು, ಅಂಚುಗಳನ್ನು ಓರೆಯಾಗಿ ಕೊಯ್ದು, ಬಿಸಿಗಾಳಿ ಊದುವ ಹೀಟ್ ಗನ್‌ನಿಂದ ಕಾಯಿಸಿದಾಗ ಹಾಳೆ ಮೆತ್ತಗಾಗಿ ಬಾಗುತ್ತದೆ, ತಣ್ಣಗಾದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ರಬ್ಬರ್ ಅಂಟನ್ನು ಎರಡೂ ಅಂಚುಗಳಿಗೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಒತ್ತಿ ಕೂಡಿಸಬೇಕು. ಒಮ್ಮೆ ಕೂಡಿದರೆ ಸರಿಪಡಿಸುವುದು ಕಷ್ಟವಾದುದರಿಂದ ಕೈಯ ಪಳಗುವಿಕೆ ಬಯಲಾಗುವುದು ಈ ಹಂತದಲ್ಲೇ. ಲೋಹದ ಬಣ್ಣ ಬಳಿದ ಬಳಿಕ ಸಂದುಗಳಲ್ಲಿ ಕಪ್ಪು ಬಣ್ಣವನ್ನು ತೆಳುವಾಗಿ ಹರಿಸಿ ಒರೆಸಿದಾಗ ಹೊಸ ಕವಚಕ್ಕೆ ಯುದ್ಧ ಕಂಡ ಹಳಮೆ ಬರುತ್ತದೆ.

1995ರಲ್ಲಿ ಸ್ಥಾಪನೆಯಾದ ‘ಕೋಸ್ಪಾ’ದಂಥ ಸಂಸ್ಥೆಗಳಿಂದ ಸಿದ್ಧ ಉಡುಪುಗಳು ಅಂಗಡಿಗೆ ಬಂದವು, ಹೊಲಿಗೆ ಬಾರದವರಿಗೂ ವೇಷ ಧರಿಸುವುದು ಸಾಧ್ಯವಾಯಿತು. ಆದರೂ ಕೈಕೆಲಸದ ಮಾನ ಕುಗ್ಗಲಿಲ್ಲ. ನಗೋಯಾದಲ್ಲಿ 2003ರಲ್ಲಿ ಆರಂಭವಾಗಿ, 2005ರಿಂದ ಸ್ಪರ್ಧೆಯನ್ನೂ ನಡೆಸುತ್ತಿರುವ ವಿಶ್ವ ಕಾಸ್‌ಪ್ಲೇ ಸಮಾವೇಶದ ಪ್ರಶಸ್ತಿಗೆ ಸೆಣಸುವವರು ತಮ್ಮ ಉಡುಪನ್ನು ತಾವೇ ತಯಾರಿಸಿರಬೇಕೆಂಬುದು ನಿಯಮ.