ಗಡಿ ಕಾಯೋ ಕೆಲಸದಿಂದ ಹುಟ್ಟಿದ ಬಿರುದು

ಮಾರ್ಕ್ವಿಸ್ ಅಂದ್ರೆ ಡ್ಯೂಕ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಅರ್ಲ್‌ಗಿಂತ ಮೇಲೆ. ಆದರೆ ಮೂಲದಲ್ಲಿ ಇದು ಬಿರುದಲ್ಲ, ಕೆಲಸ. ಇದರ ಬೇರು 'ಮಾರ್ಚ್'. ತಿಂಗಳಲ್ಲ, ಗಡಿಸೀಮೆ! ಶಾರ್ಲಮೇನ್ ಕಾಲದಿಂದ ಶತ್ರುಗಳ ಮಗ್ಗುಲಲ್ಲಿದ್ದ ಇಂಥ ಸೀಮೆ ಕಾಯೋರಿಗೆ ಒಳನಾಡಿನ ಕೌಂಟ್‌ಗಳಿಗಿಂತ ಹೆಚ್ಚು ಸೈನ್ಯ, ಹೆಚ್ಚು ಅಧಿಕಾರ ಇರ್ತಿತ್ತು. ಕಾಲ ಕಳೆದಂತೆ ಕೆಲಸ ಹೋಯ್ತು, ಹೆಸರು ಮಾತ್ರ ವಂಶಕ್ಕೆ ಅಂಟಿಕೊಂಡಿತು. ಇಂಗ್ಲೆಂಡಿನ ಮೊದಲ ಮಾರ್ಕ್ವಿಸ್ ಆದದ್ದು 1385ರಲ್ಲಿ, ದೊರೆ ಎರಡನೇ ರಿಚರ್ಡ್‌ನ ಗೆಳೆಯ ರಾಬರ್ಟ್ ಡಿ ವೇರ್.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತು, ಅವನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ ಕಾರ್ನ್‌ವಾಲಿಸ್‌ಗೆ ಸಿಕ್ಕಿದ್ದು ಇದೇ ಬಿರುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೂ ಅದೇ. ತನ್ನ ನಾಡಿನ ಗಡಿ ಕಾಯೋನಿಗೆ ಇದ್ದ ಹೆಸರು, ಕೊನೆಗೆ ಇನ್ನೊಬ್ಬರ ಗಡಿ ಮುರಿದೋರಿಗೆ ಇನಾಮಾಯ್ತು.